ರತ್ನ ಪರೀಕ್ಷೆಗೆ ವಿಷವೇ ಬೇಕೆ?

(ಬಾನುಲಿ ಭಾಷಣ)



ರತ್ನಗಳನ್ನೂ ಖನಿಜಗಳನ್ನೂ ಗುರುತಿಸುವವರು ನೂರು ವರ್ಷಕ್ಕೂ ಮೇಲ್ಪಟ್ಟು ಬಳಸಿಕೊಂಡು ಬಂದಿರುವ ಒಂದು ವಿಧಾನವಿದೆ. ಕಲ್ಲನ್ನು ತಿಳಿಯಾದ ಒಂದು ದ್ರವದಲ್ಲಿ ಮುಳುಗಿಸುವುದು, ಬೆಳಕು ಅದರೊಳಗೆ ಹೇಗೆ ಸಾಗುತ್ತದೆಂದು ನೋಡುವುದು, ಅಷ್ಟೆ. ವಿಧಾನ ಸರಳ, ಕೊಡುವ ಉತ್ತರ ನಂಬಿಕೆಗೆ ಅರ್ಹ. ಆದರೆ ಈ ಕೆಲಸಕ್ಕೆಂದು ಪ್ರಯೋಗಾಲಯಗಳ ಕಪಾಟು ಸೇರಿದ ದ್ರವಗಳ ಪಟ್ಟಿ ಓದಿದರೆ ಎದೆ ಝಲ್ಲೆನ್ನುತ್ತದೆ. ಪಾದರಸದ ಲವಣಗಳು, ಥ್ಯಾಲಿಯಂ, ಆರ್ಸೆನಿಕ್, ಬಿಳಿ ರಂಜಕ, ನೈಟ್ರೊಬೆಂಜೀನ್, ಕಾರ್ಬನ್ ಡೈಸಲ್ಫೈಡ್. ಒಂದಕ್ಕಿಂತ ಒಂದು ಘೋರ.

ಇವತ್ತು ನಾನು ನಿಮ್ಮ ಮುಂದಿಡಬೇಕೆಂದಿರುವ ಮಾತು ಒಂದೇ. ಈ ಪರೀಕ್ಷೆಗಳಲ್ಲಿ ಬಹುಪಾಲನ್ನು ನೀರು, ಅಡುಗೆ ಎಣ್ಣೆ, ಗ್ಲಿಸರಿನ್ ಮತ್ತು ಔಷಧ ತಯಾರಿಕೆಯಲ್ಲಿ ಬಳಸುವ ಒಂದೆರಡು ದ್ರವಗಳಿಂದಲೇ ಮಾಡಿ ಮುಗಿಸಬಹುದು. ಉಳಿದ ಸ್ವಲ್ಪ ಕೆಲಸಕ್ಕೆ ದ್ರವದ ಹಂಗೇ ಇಲ್ಲದ ದಾರಿಗಳಿವೆ. ಒಂದು ಕಲ್ಲಿನ ಹೆಸರು ತಿಳಿಯಲು ಯಾರೂ ತಮ್ಮ ಶ್ವಾಸಕೋಶವನ್ನೋ ಯಕೃತ್ತನ್ನೋ ಒತ್ತೆಯಿಡಬೇಕಾಗಿಲ್ಲ.

ಮೊದಲು ಮೂಲ ವಿಷಯ. ಬೆಳಕು ಗಾಳಿಯಿಂದ ನೀರಿಗೋ ಗಾಜಿಗೋ ಹೊಕ್ಕಾಗ ಅದರ ವೇಗ ತಗ್ಗುತ್ತದೆ. ಓರೆಯಾಗಿ ಬಿದ್ದ ಕಿರಣ ಬಾಗುತ್ತದೆ. ಈ ಬಾಗುವಿಕೆಯ ಅಳತೆಗೆ ವಕ್ರೀಭವನಾಂಕ ಎಂದು ಹೆಸರು. ನೀರಿಗೆ ಅದು 1.333. ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಸ್‌ಗೆ 1.544ರಿಂದ 1.553. ಪಚ್ಚೆಗೆ ಸುಮಾರು 1.57ರಿಂದ 1.59. ಮಾಣಿಕ್ಯಕ್ಕೂ ನೀಲಕ್ಕೂ 1.76ರಿಂದ 1.77. ಇವೆರಡೂ ಕೊರಂಡಂ ಎಂಬ ಒಂದೇ ಖನಿಜದ ಎರಡು ಬಣ್ಣ. ವಜ್ರಕ್ಕೆ 2.417. ಬಣ್ಣ ಮೋಸ ಮಾಡಬಹುದು, ಹೊಳಪು ಮೋಸ ಮಾಡಬಹುದು, ಈ ಸಂಖ್ಯೆ ಹಾಗೆ ಮೋಸ ಮಾಡುವುದಿಲ್ಲ. ಪುಷ್ಯರಾಗವೆಂದು ಕೊಂಡ ಹಳದಿ ಹರಳು 1.76 ತೋರಿಸಿದರೆ ಅದು ಕೊರಂಡಂ. 1.62ರ ಆಸುಪಾಸು ತೋರಿಸಿದರೆ ಟೋಪಾಜ್. 1.544 ಬಂದರೆ ಸಿಟ್ರೀನ್, ಅಂದರೆ ಹಳದಿ ಕ್ವಾರ್ಟ್ಸ್. ಮೂರೂ ಕಣ್ಣಿಗೆ ಒಂದೇ ಥರ ಕಾಣಬಹುದು, ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಇನ್ನು ದ್ರವದ ಪಾತ್ರ ಏನು? ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಶಾಲೆಯ ಲ್ಯಾಬಿನಲ್ಲಿ ಬಳಸುವ ಬೋರೊಸಿಲಿಕೇಟ್ ಗಾಜಿನ ಪ್ರನಾಳ ಒಂದನ್ನು ತೆಗೆದುಕೊಳ್ಳಿ. ಒಂದು ಗಾಜಿನ ಲೋಟಕ್ಕೆ ಸೂರ್ಯಕಾಂತಿ ಎಣ್ಣೆ ಹಾಕಿ. ಪ್ರನಾಳದೊಳಕ್ಕೂ ಎಣ್ಣೆ ತುಂಬಿ ಲೋಟದಲ್ಲಿ ಇಳಿಸಿ. ಎಣ್ಣೆಯ ಮಟ್ಟದಿಂದ ಮೇಲಿರುವ ಗಾಜು ಕಾಣುತ್ತದೆ, ಕೆಳಗಿರುವುದು ಕಾಣಿಸದು. ಗಾಜಿನ ವಕ್ರೀಭವನಾಂಕವೂ ಎಣ್ಣೆಯದೂ ಎರಡೂ 1.47ರ ಹತ್ತಿರ. ಬೆಳಕಿಗೆ ಅಲ್ಲಿ ಬಾಗುವ ಕಾರಣವಿಲ್ಲ, ಪ್ರತಿಫಲಿಸುವ ಕಾರಣವೂ ಇಲ್ಲ. ಹೀಗಾಗಿ ಗಾಜಿನ ಅಂಚೇ ಅಳಿಸಿಹೋಗುತ್ತದೆ. ಅದೇ ಪ್ರನಾಳವನ್ನು ನೀರಿನಲ್ಲಿ ಇಳಿಸಿದರೆ ಅಂಚು ಸ್ಪಷ್ಟವಾಗಿ ಕಾಣುತ್ತದೆ. ವಕ್ರೀಭವನಾಂಕ ಗೊತ್ತಿರುವ ಬೇರೆ ಬೇರೆ ದ್ರವಗಳಲ್ಲಿ ಒಂದು ಕಲ್ಲನ್ನು ಮುಳುಗಿಸುತ್ತ ಹೋದರೆ, ಯಾವುದರಲ್ಲಿ ಅದು ಕಣ್ಮರೆಯಾಗುತ್ತದೋ ಆ ದ್ರವದ ಸಂಖ್ಯೆಯೇ ಕಲ್ಲಿನ ಸಂಖ್ಯೆ. ಇಡೀ ವಿಧಾನದ ತಿರುಳು ಇದೇ.

ಖನಿಜಶಾಸ್ತ್ರದವರು ಇದನ್ನು ಸೂಕ್ಷ್ಮದರ್ಶಕದ ಕೆಳಗೆ ಮಾಡುತ್ತಾರೆ. ಖನಿಜವನ್ನು ನುಣ್ಣಗೆ ಕುಟ್ಟಿ, ಕೆಲವೇ ಕಣಗಳನ್ನು ಸ್ಲೈಡಿನ ಮೇಲೆ ಉದುರಿಸಿ, ಒಂದು ಹನಿ ದ್ರವ ಹಾಕಿ, ಕವರ್ ಸ್ಲಿಪ್ ಮುಚ್ಚುತ್ತಾರೆ. ಕಣದ ಅಂಚಿನಲ್ಲಿ ಒಂದು ತೆಳುವಾದ ಬೆಳ್ಳಗಿನ ಗೆರೆ ಕಾಣುತ್ತದೆ. ಆಸ್ಟ್ರಿಯಾದ ಖನಿಜವಿಜ್ಞಾನಿ ಫ್ರೀಡ್ರಿಶ್ ಬೆಕೆ ಇದನ್ನು 1893ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಬೆಕೆ ರೇಖೆ ಎಂದೇ ಹೆಸರು. ಸೂಕ್ಷ್ಮದರ್ಶಕದ ವೇದಿಕೆಯನ್ನು ತುಸು ಕೆಳಗಿಳಿಸಿದರೆ ಆ ಗೆರೆ ಯಾವ ಕಡೆ ವಕ್ರೀಭವನಾಂಕ ಹೆಚ್ಚಿದೆಯೋ ಆ ಕಡೆಗೆ ಸರಿಯುತ್ತದೆ. ಕ್ವಾರ್ಟ್ಸ್ ಕಣವನ್ನು ಲವಂಗದ ಎಣ್ಣೆಯಲ್ಲಿ ಇಟ್ಟು ನೋಡಿ. ಎಣ್ಣೆಯದು ಸುಮಾರು 1.53, ಕಣದ್ದು ಅದಕ್ಕಿಂತ ಸ್ವಲ್ಪ ಹೆಚ್ಚು. ಗೆರೆ ಕಣದೊಳಕ್ಕೆ ಸರಿಯುತ್ತದೆ. ಅದೇ ಕಣವನ್ನು 1.60ರ ಸಮೀಪವಿರುವ ಚಕ್ಕೆ ಎಣ್ಣೆಯಲ್ಲಿಟ್ಟರೆ ಗೆರೆ ಹೊರಕ್ಕೆ, ಎಣ್ಣೆಯ ಕಡೆಗೆ ಹೊರಡುತ್ತದೆ. ಉತ್ತರ ಇವೆರಡರ ನಡುವೆ ಇದೆ ಎಂದು ಆ ಕ್ಷಣದಲ್ಲೇ ತಿಳಿಯಿತು. ಅಡುಗೆ ಉಪ್ಪೂ ಒಂದು ಖನಿಜವೇ, ಅದರ ವಕ್ರೀಭವನಾಂಕ 1.544. ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಮಕ್ಕಳಿಗೆ ಬೆಕೆ ರೇಖೆ ತೋರಿಸಲು ಇದಕ್ಕಿಂತ ಅಗ್ಗದ ಮಾದರಿ ಬೇಕಿಲ್ಲ.

ಹಾಗಾದರೆ ವಿಷ ಎಲ್ಲಿಂದ ಬಂತು? ಹೆಚ್ಚಿನ ವಕ್ರೀಭವನಾಂಕದ ಆಸೆಯಿಂದ ಬಂತು. ದ್ರವವೊಂದು ಬೆಳಕನ್ನು ಬಲವಾಗಿ ಬಾಗಿಸಬೇಕಾದರೆ ಅದರಲ್ಲಿ ಬ್ರೋಮಿನ್, ಅಯೊಡಿನ್, ಗಂಧಕ, ಪಾದರಸದಂಥ ಭಾರವಾದ ಪರಮಾಣುಗಳಿದ್ದರೆ ಅನುಕೂಲ. ಅಂಥ ಸಂಯುಕ್ತಗಳಲ್ಲಿ ಬಹಳಷ್ಟು ದೇಹಕ್ಕೆ ಹಗೆ. ಕಾರ್ಬನ್ ಡೈಸಲ್ಫೈಡ್‌ನ ಸಂಖ್ಯೆ 1.63ರ ಹತ್ತಿರ. ಅದರ ಆವಿ ನರಮಂಡಲಕ್ಕೆ ಕೇಡು, ಜೊತೆಗೆ ಸಣ್ಣ ಕಿಡಿಗೂ ಭಗ್ಗನೆ ಹೊತ್ತಿಕೊಳ್ಳುತ್ತದೆ. ನೈಟ್ರೊಬೆಂಜೀನ್ 1.55. ಅದು ಚರ್ಮದ ಮೂಲಕವೇ ಒಳಗಿಳಿದು ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಪೊಟ್ಯಾಸಿಯಂ ಮತ್ತು ಬೇರಿಯಂ ಜೊತೆ ಪಾದರಸದ ಅಯೊಡೈಡ್ ಸೇರಿಸಿ ಮಾಡಿದ ದ್ರಾವಣಗಳು 1.7ರ ಮೇಲೆ ಹೋಗುತ್ತವೆ. ಅವುಗಳ ವಿಷದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. 1936ರಲ್ಲಿ ಅಮೆರಿಕದಲ್ಲಿ ವೆಸ್ಟ್ ಎಂಬುವವರು ಬಿಳಿ ರಂಜಕ, ಗಂಧಕ ಮತ್ತು ಮಿಥಿಲೀನ್ ಅಯೊಡೈಡ್ ಕೂಡಿಸಿ 2.05ರಷ್ಟು ವಕ್ರೀಭವನಾಂಕದ ದ್ರವ ಮಾಡಿದರು. ಬಿಳಿ ರಂಜಕ ಗಾಳಿ ತಗುಲಿದರೆ ತಾನಾಗಿಯೇ ಉರಿಯುವ ವಸ್ತು. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಆ ಸೀಸೆ ತೆರೆಯುವುದನ್ನು ಊಹಿಸಿಕೊಳ್ಳಿ. ಅದಕ್ಕೂ ಮೇಲಿನ ಸಂಖ್ಯೆ ಬೇಕೆಂದವರು ಆರ್ಸೆನಿಕ್ ಟ್ರೈಬ್ರೋಮೈಡ್ ಕಡೆ ಹೋದರು.

ಅಂದಿನವರನ್ನು ದೂರುವುದಕ್ಕೆ ನಾನು ಈ ಮಾತು ಹೇಳುತ್ತಿಲ್ಲ. ಸಾವಿರಾರು ಖನಿಜಗಳ ಬೆಳಕಿನ ಗುಣಗಳನ್ನು ಅಳೆದು, ಪಟ್ಟಿ ಮಾಡಿ, ನಮ್ಮ ಕೈಗೆ ಕೊಟ್ಟವರು ಅವರು. 1921ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಗಾಗಿ ಎಸ್ಪರ್ ಲಾರ್ಸನ್ ಸಿದ್ಧಪಡಿಸಿದ ಕೋಷ್ಟಕಗಳು ಇಂಥ ದ್ರವಗಳ ನೆರವಿನಿಂದಲೇ ಹುಟ್ಟಿದವು. ಆ ಸಂಖ್ಯೆಗಳು ಈಗ ಪುಸ್ತಕದಲ್ಲಿ ಸಿದ್ಧವಾಗಿವೆ. ಅವರು ಪಟ್ಟ ಅಪಾಯವನ್ನು ನಾವು ಮತ್ತೆ ಪಡಬೇಕಾಗಿಲ್ಲ ಎಂಬುದೇ ಅವರ ಕೊಡುಗೆ.

ರತ್ನ ಪರೀಕ್ಷಕರು ಹೆಚ್ಚಾಗಿ ಬಳಸುವುದು ಮಿಥಿಲೀನ್ ಅಯೊಡೈಡ್. ಅದರ ಸಂಖ್ಯೆ 1.74. ಇಡೀ ಬಟ್ಟಲಿಗೆ ಅದನ್ನು ಸುರಿದು ಮಾಣಿಕ್ಯ ಮುಳುಗಿಸಿ ನೋಡುವ ರೂಢಿ ಬಹಳ ಕಾಲ ಇತ್ತು. ಅದರ ಆವಿ ಉಸಿರಿಗೆ ಒಳ್ಳೆಯದಲ್ಲ, ಚರ್ಮಕ್ಕೂ ಒಳ್ಳೆಯದಲ್ಲ. ಬೆಳಕು ತಗುಲಿದರೆ ಅಯೊಡಿನ್ ಬಿಟ್ಟು ಕಪ್ಪಾಗುತ್ತದೆ. ಸೀಸೆಯೊಳಗೆ ತಾಮ್ರದ ಚೂರು ಹಾಕಿಡುವುದು ಆ ಕಪ್ಪನ್ನು ತಡೆಯಲು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಈ ಲೆಕ್ಕವೇ ನನ್ನ ಮಾತಿಗೆ ಆಧಾರ. ಗಾಳಿಯಲ್ಲಿಟ್ಟ ನೀಲದ ಮುಖಕ್ಕೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 8 ಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಆ ಥಳಥಳಪಿನಲ್ಲಿ ಕಲ್ಲಿನ ಒಳಗಿನ ಸಂಗತಿ ಮುಚ್ಚಿಹೋಗುತ್ತದೆ. ಅದೇ ಕಲ್ಲನ್ನು ನೀರಿನಲ್ಲಿ ಮುಳುಗಿಸಿದರೆ ಪ್ರತಿಫಲನ ಶೇಕಡಾ 2ಕ್ಕೆ ಇಳಿಯುತ್ತದೆ. 1.47ರ ಎಣ್ಣೆಯಲ್ಲಿ ಶೇಕಡಾ 1ಕ್ಕೂ ಕಡಿಮೆ. ಮಿಥಿಲೀನ್ ಅಯೊಡೈಡ್‌ನಲ್ಲಿ ಬಹುತೇಕ ಸೊನ್ನೆ. ಅಂದರೆ ಗಾಳಿಯಿಂದ ಅಡುಗೆ ಎಣ್ಣೆಗೆ ಬಂದಾಗಲೇ ಅಡ್ಡಿಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕಳೆದುಹೋಯಿತು. ಉಳಿದ ಒಂದು ಪಾಲಿಗಾಗಿ ಬಟ್ಟಲು ತುಂಬ ವಿಷದ ದ್ರವ ಇಟ್ಟುಕೊಂಡು ಮೂಗು ಬಗ್ಗಿಸಿ ಕೂರುವುದು ಲಾಭದ ವ್ಯಾಪಾರವಲ್ಲ.

ಹರಳು ವ್ಯಾಪಾರಿಗಳಿಗೂ ಕೊಳ್ಳುವವರಿಗೂ ಬೇಕಾದ ಪರೀಕ್ಷೆಗಳಲ್ಲಿ ಬಹಳಷ್ಟು ಈ ಒಂಬತ್ತು ಪಾಲಿನೊಳಗೇ ಮುಗಿಯುತ್ತವೆ. ಒಂದು ಗಾಜಿನ ಬಟ್ಟಲು, ಅದರ ತಳಕ್ಕೆ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ ಅಥವಾ ಬಿಳಿ ಕಾಗದ, ಕೆಳಗಿನಿಂದ ಟಾರ್ಚಿನ ಬೆಳಕು, ಕೈಯಲ್ಲೊಂದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ. ಬಟ್ಟಲಿಗೆ ನೀರು ಹಾಕಿ, ನೀಲದ ಹರಳನ್ನು ಇಕ್ಕಳದಿಂದ ಹಿಡಿದು ನಿಧಾನವಾಗಿ ಇಳಿಸಿ. ಮೇಲ್ಮೈಯ ಮಿನುಗು ಹೋಗುತ್ತದೆ, ಹೊಟ್ಟೆಯೊಳಗಿನ ಬಣ್ಣ ಕಾಣಿಸಿಕೊಳ್ಳುತ್ತದೆ. ನೆಲದಲ್ಲಿ ಹುಟ್ಟಿದ ನೀಲವಾದರೆ ಬಣ್ಣದ ಪಟ್ಟೆಗಳು ನೇರವಾಗಿ, ಇಲ್ಲವೆ ಷಟ್ಕೋನದ ಮೂಲೆಗಳಂತೆ ಮುರಿದು ಸಾಗುತ್ತವೆ. ಟೈಟಾನಿಯಂ ಸೇರಿಸಿ ಕುಲುಮೆಯಲ್ಲಿ ಕಾಯಿಸಿ ಹೊರಪದರಕ್ಕಷ್ಟೇ ಬಣ್ಣ ಹತ್ತಿಸಿದ ಕಲ್ಲಾದರೆ ನೀಲಿ ಬಣ್ಣ ಮುಖಗಳ ಅಂಚುಗಳಲ್ಲಿ ದಟ್ಟೈಸಿ ನಿಂತಿರುತ್ತದೆ, ನಡುಭಾಗ ಪೇಲವವಾಗಿರುತ್ತದೆ. ಅಂಥ ಕಲ್ಲನ್ನು ಮತ್ತೆ ಸಾಣೆ ಹಿಡಿದರೆ ಬಣ್ಣವೇ ಹೊರಟುಹೋಗಬಹುದು. ಕೊಳ್ಳುವವರಿಗೆ ಇದು ತಿಳಿದಿರಲೇಬೇಕು.

ಅದೇ ಬಟ್ಟಲಿನಲ್ಲಿ ಜೋಡುಕಲ್ಲನ್ನು ಹಿಡಿಯಬಹುದು. ಮೇಲೆ ತೆಳುವಾದ ಗಾರ್ನೆಟ್, ಕೆಳಗೆ ಬಣ್ಣದ ಗಾಜು ಕೂಡಿಸಿ ಮಾಡಿದ ಹರಳನ್ನು ಪಕ್ಕದಿಂದ ನೋಡಿದರೆ ಎರಡರ ನಡುವಿನ ಗೆರೆ, ಬೆಸುಗೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ ಕಾಣುತ್ತವೆ. ಫ್ರಾನ್ಸಿನ ವೆರ್ನ್ಯೂಯಿ ಅವರು 1902ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನದಿಂದ ಇಂದಿಗೂ ಕೃತಕ ಮಾಣಿಕ್ಯ ತಯಾರಾಗುತ್ತದೆ. ಜ್ವಾಲೆಯಲ್ಲಿ ಕರಗಿದ ಪುಡಿ ಪದರ ಪದರವಾಗಿ ಕೂತು ಬೆಳೆಯುವುದರಿಂದ ಅದರೊಳಗಿನ ಬೆಳವಣಿಗೆಯ ಗೆರೆಗಳು ಬಾಗಿರುತ್ತವೆ. ಭೂಮಿಯ ಮಾಣಿಕ್ಯದಲ್ಲಿ ಗೆರೆಗಳು ಬಾಗುವುದಿಲ್ಲ. ಬೆಳಕನ್ನು ಓರೆಯಾಗಿ ತಿರುಗಿಸುತ್ತ ತಾಳ್ಮೆಯಿಂದ ನೋಡಿದರೆ ಎಣ್ಣೆಯಲ್ಲೂ ಅವನ್ನು ಕಾಣಬಹುದು.

ಆದರೆ ಎಲ್ಲ ಕಲ್ಲನ್ನೂ ಮುಳುಗಿಸಬಾರದು. ಓಪಲ್, ಟರ್ಕಾಯ್ಸ್, ಮುತ್ತು, ಹವಳ ಇವು ದ್ರವ ಹೀರಬಹುದು, ಬಣ್ಣಗೆಡಬಹುದು. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬುವ ಪದ್ಧತಿ ಹಳೆಯದು. ತೀಕ್ಷ್ಣ ದ್ರಾವಕದಲ್ಲಿಟ್ಟರೆ ಆ ಎಣ್ಣೆ ಕರಗಿ ಬಿರುಕು ಎದ್ದು ಕಾಣುತ್ತದೆ, ಕಲ್ಲಿನ ಒಡೆಯ ನಿಮ್ಮನ್ನು ಹಿಡಿದುಕೊಳ್ಳುತ್ತಾನೆ. ಅಂಟು ಹಾಕಿ ಕೂಡಿಸಿದ ಹರಳುಗಳೂ ದ್ರಾವಕದಲ್ಲಿ ಬಿಚ್ಚಿಕೊಳ್ಳಬಹುದು. ಇಂಥ ಕಡೆ ನೀರೇ ಮೇಲು. ಸಂಶಯವಿದ್ದರೆ ಅದೂ ಬೇಡ.

ಈಗ ಖನಿಜದ ಪುಡಿಯ ಪರೀಕ್ಷೆಗೆ ಬರೋಣ. ಅಲ್ಲಿ ಹತ್ತಿರಹತ್ತಿರದ ಸಂಖ್ಯೆಗಳ ದ್ರವಗಳ ಸಾಲೇ ಬೇಕು. ಅದನ್ನೂ ನಿರಪಾಯವಾಗಿ ಕಟ್ಟಬಹುದು. ನೀರು 1.333. ಗ್ಲಿಸರಿನ್ 1.473. ಗ್ಲಿಸರಿನ್ ನೀರಿನಲ್ಲಿ ಯಾವ ಪ್ರಮಾಣದಲ್ಲಾದರೂ ಬೆರೆಯುವುದರಿಂದ ಇವೆರಡರ ನಡುವಿನ ಯಾವ ಸಂಖ್ಯೆಯನ್ನಾದರೂ ತಯಾರಿಸಬಹುದು. ಫ್ಲೋರೈಟ್‌ನ 1.434 ಇದೇ ಹರವಿನಲ್ಲಿ ಬರುತ್ತದೆ. ಅಲ್ಲಿಂದ ಮೇಲಕ್ಕೆ ಹರಳೆಣ್ಣೆ, ಅದರದು ಸುಮಾರು 1.478. ಅದರ ಜೊತೆಗೆ ಬೆಂಜೈಲ್ ಬೆಂಜೋಯೇಟ್ ಎಂಬ ದ್ರವ, ಅದರದು ಸುಮಾರು 1.568. ಕಜ್ಜಿಗೆ ಹಚ್ಚುವ ಮುಲಾಮಿನಲ್ಲಿ ಇರುವುದು ಇದೇ. ಕೆಲವು ಚುಚ್ಚುಮದ್ದುಗಳಲ್ಲಿ ಔಷಧ ಕರಗಿಸಲು ಹರಳೆಣ್ಣೆಯನ್ನೂ ಇದನ್ನೂ ಕೂಡಿಸಿ ಬಳಸುತ್ತಾರೆ. ಅಂದರೆ ಇವೆರಡೂ ಚೆನ್ನಾಗಿ ಬೆರೆಯುತ್ತವೆ.

ಬೆರಕೆಯ ಲೆಕ್ಕ ಸುಲಭ. ಸಂಖ್ಯೆ ಹೆಚ್ಚುಕಡಿಮೆ ಗಾತ್ರದ ಪ್ರಮಾಣದಲ್ಲೇ ಏರುತ್ತದೆ. ಎರಡನ್ನೂ ಸಮಸಮ ಬೆರೆಸಿದರೆ 1.523. ಕಿಟಕಿಯ ಗಾಜು ಮತ್ತು ಚಂದ್ರಕಾಂತ ಶಿಲೆಯ ಗುಂಪಿನ ಫೆಲ್ಡ್‌ಸ್ಪಾರ್‌ಗಳು ಇದರ ಆಸುಪಾಸಿನಲ್ಲಿವೆ. ಮೂರು ಪಾಲು ಬೆಂಜೈಲ್ ಬೆಂಜೋಯೇಟಿಗೆ ಒಂದು ಪಾಲು ಹರಳೆಣ್ಣೆ ಬೆರೆಸಿದರೆ 1.545ರ ಹತ್ತಿರ ಬರುತ್ತದೆ. ಕ್ವಾರ್ಟ್ಸ್ ಕಣಗಳು ಅದರಲ್ಲಿ ಹುಡುಕಬೇಕಾಗುವಷ್ಟು ಮಸುಕಾಗುತ್ತವೆ. ಭೂಮಿಯ ಹೊರಪದರದ ಬಂಡೆಗಳಲ್ಲಿ ಅತಿ ಹೆಚ್ಚಾಗಿ ಇರುವುದು ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಸ್. ನಮ್ಮ ಕಾಲೇಜುಗಳ ಭೂವಿಜ್ಞಾನ ವಿದ್ಯಾರ್ಥಿಗಳು ಪ್ರಾಯೋಗಿಕ ತರಗತಿಯಲ್ಲಿ ನೋಡುವ ಕಣಗಳಲ್ಲಿ ದೊಡ್ಡ ಪಾಲು ಈ ಎರಡು ದ್ರವಗಳ ಹರವಿನೊಳಗೇ ಬರುತ್ತದೆ.

ಒಂದು ಎಚ್ಚರಿಕೆ. ಔಷಧದಂಗಡಿಯಲ್ಲಿ ಸಿಗುವ ಬೆಂಜೈಲ್ ಬೆಂಜೋಯೇಟಿನ ಹಾಲಿನಂಥ ಬಿಳಿ ಲೋಷನ್ ಈ ಕೆಲಸಕ್ಕೆ ಬಾರದು, ಅದು ನೀರಿನಲ್ಲಿ ಕದಡಿದ ರೂಪ. ರಾಸಾಯನಿಕ ಮಾರುವವರಲ್ಲಿ ಸಿಗುವ ಶುದ್ಧವಾದ, ತಿಳಿಯಾದ ದ್ರವವೇ ಬೇಕು. ಅದನ್ನೂ ಕುಡಿಯುವಂತಿಲ್ಲ, ಕಣ್ಣಿಗೆ ತಾಗಿಸುವಂತಿಲ್ಲ, ಚರಂಡಿಗೆ ಚೆಲ್ಲುವಂತಿಲ್ಲ.

ಸುವಾಸನೆಯ ಎಣ್ಣೆಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಲವಂಗದ ಎಣ್ಣೆಯೂ ಚಕ್ಕೆ ಎಣ್ಣೆಯೂ ಒಂದೊಂದು ಹನಿಯಲ್ಲಿ ಉಪಕಾರಿ, ಆದರೆ ಚರ್ಮಕ್ಕೆ ಉರಿ ತರುತ್ತವೆ, ಕೆಲವರಿಗೆ ಅಲರ್ಜಿ ಹತ್ತಿಸುತ್ತವೆ. ನೋವಿನ ಮುಲಾಮುಗಳಿಗೆ ಆ ಪರಿಚಿತ ಘಮ ಕೊಡುವ ವಿಂಟರ್‌ಗ್ರೀನ್ ಎಣ್ಣೆಯ ಸಂಖ್ಯೆ 1.536, ಅದೂ ಖನಿಜ ಪರೀಕ್ಷೆಯಲ್ಲಿ ಬಳಕೆಯಲ್ಲಿದೆ. ಆ ಶುದ್ಧ ಎಣ್ಣೆ ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೆ ಪುಟ್ಟ ಮಗುವಿನ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಇಂಥ ಸೀಸೆಗಳು ಮಕ್ಕಳ ಕೈಗೆಟುಕದಂತೆ, ಹೆಸರು ಬರೆದ ಚೀಟಿಯೊಂದಿಗೆ ಬೀಗದೊಳಗಿರಬೇಕು.

ಇನ್ನೊಂದು ಸಂಗತಿ ಉಷ್ಣತೆಯದು. ಕಾದಂತೆಲ್ಲ ದ್ರವದ ವಕ್ರೀಭವನಾಂಕ ಇಳಿಯುತ್ತದೆ. ಎಣ್ಣೆಗಳಲ್ಲಿ ಒಂದು ಡಿಗ್ರಿಗೆ ಸುಮಾರು 0.0004. ಪುಸ್ತಕದ ಸಂಖ್ಯೆಗಳು ಸಾಮಾನ್ಯವಾಗಿ 20 ಅಥವಾ 25 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟವು. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ತಿಂಗಳ 40 ಡಿಗ್ರಿಯಲ್ಲಿ ಅಳೆದರೆ 25 ಡಿಗ್ರಿಯ ಸಂಖ್ಯೆಗಿಂತ 0.006ರಷ್ಟು ಕಡಿಮೆ ಇರುತ್ತದೆ. ಕ್ವಾರ್ಟ್ಸ್‌ನ ಎರಡು ಸಂಖ್ಯೆಗಳ ನಡುವಿನ ಅಂತರವೇ 0.009 ಎಂದ ಮೇಲೆ ಇದು ಕಡೆಗಣಿಸುವ ಮಾತಲ್ಲ. ಅಡುಗೆ ಎಣ್ಣೆಗಳ ಸಂಖ್ಯೆಯೂ ಒಂದು ಗಾಣದಿಂದ ಇನ್ನೊಂದಕ್ಕೆ ತುಸು ಬದಲಾಗುತ್ತದೆ. ಹೀಗಾಗಿ ಬಳಸುವ ದಿನವೇ, ಬಳಸುವ ಕೋಣೆಯಲ್ಲೇ ದ್ರವವನ್ನು ಅಳೆದುಕೊಳ್ಳಬೇಕು. ಎಣ್ಣೆ, ತುಪ್ಪಗಳ ಕಲಬೆರಕೆ ಹಿಡಿಯಲು ಆಹಾರ ಪರೀಕ್ಷಾಲಯಗಳು ಬಳಸುವ ರಿಫ್ರ್ಯಾಕ್ಟೋಮೀಟರ್ ಇದಕ್ಕೂ ಒದಗುತ್ತದೆ. ಭೌತಶಾಸ್ತ್ರ ವಿಭಾಗದ ಪೊಳ್ಳು ಪ್ರಿಸಂ ಆದರೂ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಮಾಣಿಕ್ಯ, ನೀಲ, ಗೋಮೇಧಿಕಗಳಂಥ ಹೆಚ್ಚು ಸಂಖ್ಯೆಯ ಕಲ್ಲುಗಳನ್ನು ಅಳೆಯುವ ಪ್ರಶ್ನೆ ಉಳಿಯುತ್ತದೆ. 1.7ರ ಮೇಲೆ ಸುಲಭವಾಗಿ ಸಿಗುವ ನಿರಪಾಯ ದ್ರವ ಇಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಆದರೆ ರತ್ನದ ರಿಫ್ರ್ಯಾಕ್ಟೋಮೀಟರ್‌ಗೆ ಬಟ್ಟಲು ತುಂಬ ದ್ರವ ಬೇಡ. ಉಪಕರಣದ ಗಾಜಿಗೂ ಹರಳಿನ ಮುಖಕ್ಕೂ ನಡುವೆ ಗಾಳಿ ಉಳಿಯದಂತೆ ಗುಂಡುಸೂಜಿಯ ತಲೆಯಷ್ಟು ಹನಿ ಸಾಕು. ಅದಕ್ಕೆ ಬಳಸುವುದು ಗಂಧಕ ಕರಗಿಸಿದ ಮಿಥಿಲೀನ್ ಅಯೊಡೈಡ್, ಸಂಖ್ಯೆ 1.78ರಿಂದ 1.79. ಇದಕ್ಕೆ ಇನ್ನೊಂದು ಅಯೊಡಿನ್ ಸಂಯುಕ್ತ ಸೇರಿಸಿ ಲಂಡನ್ನಿನ ಆ್ಯಂಡರ್ಸನ್ ಮತ್ತು ಪೇನ್ 1930ರ ದಶಕದಲ್ಲಿ 1.81ರ ದ್ರವ ರೂಪಿಸಿದರು. ಕಿಟಕಿ ತೆರೆದಿರಲಿ. ಹನಿ ಹಾಕಿದ ಕೂಡಲೆ ಸೀಸೆಯ ಮುಚ್ಚಳ ಮುಚ್ಚಿ. ಬೆರಳಿಗೆ ತಾಗಿದರೆ ಸಾಬೂನು ಹಾಕಿ ತೊಳೆಯಿರಿ. ಪಕ್ಕದಲ್ಲಿ ಚಹಾದ ಲೋಟವಾಗಲಿ ತಿಂಡಿಯಾಗಲಿ ಇರಬಾರದು. ಕೆಲಸ ಮುಗಿದೊಡನೆ ಗಾಜನ್ನು ಒರೆಸಬೇಕು. ಇಲ್ಲವಾದರೆ ದ್ರವ ಆರಿ, ಗಂಧಕದ ಹರಳುಗಳು ಗಾಜಿನ ಮೇಲೆ ಕೂತು ಉಪಕರಣ ಕೆಡುತ್ತದೆ. ಹನಿಯಲ್ಲಿ ಮುಗಿಯುವ ಕೆಲಸಕ್ಕೆ ಬಟ್ಟಲು ಬಳಸದಿರುವುದೇ ಇಲ್ಲಿ ಸುರಕ್ಷತೆ.

ಆ ಹನಿಯೂ ಬೇಡವೆನ್ನುವವರಿಗೆ ಎರಡು ಹಳೆಯ ಹಾದಿಗಳಿವೆ. ಮೊದಲನೆಯದು ಫ್ರಾನ್ಸಿನ ಡ್ಯೂಕ್ ದ ಶೋನ್ 1767ರಲ್ಲಿ ತೋರಿಸಿದ್ದು. ಪಾರದರ್ಶಕ ವಸ್ತುವಿನ ಮೂಲಕ ನೋಡಿದಾಗ ತಳ ಮೇಲೆದ್ದು ಬಂದಂತೆ ಕಾಣುತ್ತದಲ್ಲವೆ? ಸೂಕ್ಷ್ಮದರ್ಶಕವನ್ನು ಮೊದಲು ಕಲ್ಲಿನ ಮೇಲ್ಮುಖಕ್ಕೆ, ಆಮೇಲೆ ಕಲ್ಲಿನ ಮೂಲಕ ಅದರ ತಳಕ್ಕೆ ಹೊಂದಿಸಿ. ಕೊಳವೆ ಎಷ್ಟು ಸರಿಯಿತೆಂದು ಅಳೆದರೆ ತೋರಿಕೆಯ ದಪ್ಪ ಸಿಗುತ್ತದೆ. ನಿಜವಾದ ದಪ್ಪವನ್ನು ಅದರಿಂದ ಭಾಗಿಸಿದರೆ ವಕ್ರೀಭವನಾಂಕ. ನಿಜದಲ್ಲಿ 5.30 ಮಿಲಿಮೀಟರ್ ದಪ್ಪದ ಕೆಂಪು ಹರಳು 3.00 ಮಿಲಿಮೀಟರ್ ಎಂದು ತೋರಿದರೆ ಉತ್ತರ 1.77. ಮೂರನೆಯ ದಶಮಾಂಶ ಸಿಗದಿರಬಹುದು, ಮಾಣಿಕ್ಯವೋ ಗಾಜೋ ಎಂಬುದು ಖಂಡಿತ ತಿಳಿಯುತ್ತದೆ.

ಎರಡನೆಯದು ನಮ್ಮ ಬಿಎಸ್ಸಿ ವಿದ್ಯಾರ್ಥಿಗಳೆಲ್ಲ ಮಾಡಿರುವ ಪ್ರಯೋಗ. ಸ್ಪೆಕ್ಟ್ರೋಮೀಟರ್ ಮೇಲೆ ಪ್ರಿಸಂ ಇಟ್ಟು, ಸೋಡಿಯಂ ದೀಪದ ಬೆಳಕಿನಲ್ಲಿ ಕನಿಷ್ಠ ವಿಚಲನ ಕೋನ ಹುಡುಕುವುದು. ಸಾಣೆ ಹಿಡಿದ ಹರಳಿನಲ್ಲಿ ಎರಡು ಮುಖಗಳ ನಡುವಿನ ಕೋನ ಸರಿಯಾಗಿದ್ದರೆ ಅದೇ ಒಂದು ಪ್ರಿಸಂ. ಉಳಿದ ಮುಖಗಳನ್ನು ಕಪ್ಪು ಕಾಗದದಿಂದ ಮರೆಮಾಡಿ ಅಳೆದರೆ 1.81ರ ಮೇಲಿನ ಕಲ್ಲುಗಳೂ ಸಿಕ್ಕುತ್ತವೆ. ರಿಫ್ರ್ಯಾಕ್ಟೋಮೀಟರ್ ಕೈಚೆಲ್ಲುವ ಜಿರ್ಕಾನ್ ಕೂಡ.

ಕಲ್ಲಿನ ಸಾಂದ್ರತೆ ಅಳೆಯುವಲ್ಲಿಯೂ ಇದೇ ಕಥೆ. ಥ್ಯಾಲಿಯಂ ಲವಣಗಳ ಕ್ಲೆರಿಚಿ ದ್ರಾವಣ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ. ಅದರಲ್ಲಿ ತೇಲಿಸಿ, ಮುಳುಗಿಸಿ ಖನಿಜಗಳನ್ನು ಬೇರ್ಪಡಿಸುತ್ತಿದ್ದರು. ಥ್ಯಾಲಿಯಂ ಒಂದು ಕಾಲದಲ್ಲಿ ಇಲಿ ಪಾಷಾಣವಾಗಿ ಮಾರಾಟವಾಗುತ್ತಿದ್ದ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ. ಇವತ್ತು 3.1ರವರೆಗಿನ ಕೆಲಸಕ್ಕೆ ನೀರಿನಲ್ಲಿ ಕರಗುವ ಸೋಡಿಯಂ ಪಾಲಿಟಂಗ್‌ಸ್ಟೇಟ್ ಇದೆ. ಬ್ರೋಮೋಫಾರ್ಮ್ ಎಂಬ ಭಾರದ ದ್ರವಕ್ಕಿರುವ ಆವಿಯ ಕಾಟ ಅದಕ್ಕಿಲ್ಲ, ತೊಳೆದು ಮತ್ತೆ ಬಳಸಬಹುದು. ಒಂದೇ ಹರಳಿನ ಪ್ರಶ್ನೆಯಾದರೆ ಆರ್ಕಿಮಿಡೀಸ್ ಸಾಕು. ಗಾಳಿಯಲ್ಲಿ 5.00 ಕ್ಯಾರೆಟ್ ತೂಗಿದ ಕಲ್ಲು ನೀರಿನಲ್ಲಿ 3.75 ತೂಗಿದರೆ ಸಾಂದ್ರತೆ 4.00, ಕೊರಂಡಂನದೇ ಸಂಖ್ಯೆ. 3.11 ತೂಗಿದರೆ 2.65, ಕ್ವಾರ್ಟ್ಸ್. ವಕ್ರೀಭವನಾಂಕವೂ ಸಾಂದ್ರತೆಯೂ ಒಂದನ್ನೊಂದು ಸಮರ್ಥಿಸಿದಾಗ ತೀರ್ಪು ಗಟ್ಟಿಯಾಗುತ್ತದೆ.

ಈ ವಿಷಯಕ್ಕೂ ಬೆಂಗಳೂರಿಗೂ ಒಂದು ನಂಟಿದೆ. ಸರ್ ಸಿ. ವಿ. ರಾಮನ್ ಅವರಿಗೆ ಹರಳುಗಳೆಂದರೆ ಪ್ರಾಣ. ಅವರು ಕೂಡಿಹಾಕಿದ ಖನಿಜ, ರತ್ನಗಳ ಸಂಗ್ರಹ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ಡೆನ್ಮಾರ್ಕಿನ ಕ್ರಿಸ್ಟಿಯಾನ್ಸೆನ್ 1884ರಲ್ಲಿ ಮಾಡಿದ ಒಂದು ಸುಂದರ ಪ್ರಯೋಗದ ಸಿದ್ಧಾಂತವನ್ನು ಕುರಿತು ರಾಮನ್ 1949ರಲ್ಲಿ ಬರೆದರು. ಗಾಜಿನ ಪುಡಿಯನ್ನು ಅದರದೇ ವಕ್ರೀಭವನಾಂಕದ ದ್ರವದಲ್ಲಿ ಮುಳುಗಿಸಿದರೆ, ಯಾವ ಬಣ್ಣಕ್ಕೆ ಎರಡೂ ಸರಿಹೊಂದುತ್ತವೋ ಆ ಬಣ್ಣ ಮಾತ್ರ ನೇರವಾಗಿ ದಾಟಿ ಬರುತ್ತದೆ, ಉಳಿದವು ಚದುರಿಹೋಗುತ್ತವೆ. ಬಣ್ಣವಿಲ್ಲದ ಗಾಜು, ಬಣ್ಣವಿಲ್ಲದ ದ್ರವ, ಆದರೂ ಸೀಸೆ ತುಂಬ ಬಣ್ಣ. ಬಿಸಿಯಾದಂತೆ ಆ ಬಣ್ಣ ಕೆಂಪಿನ ಕಡೆಯಿಂದ ನೀಲಿಯ ಕಡೆಗೆ ಸರಿಯುತ್ತದೆ. ಹಿಂದೆ ಇದಕ್ಕೆ ಬೆಂಜೀನ್ ಮತ್ತು ಕಾರ್ಬನ್ ಡೈಸಲ್ಫೈಡ್ ಬೆರಕೆ ಬಳಸುತ್ತಿದ್ದರು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ. ಆಗಲೇ ಹೇಳಿದ ಹರಳೆಣ್ಣೆ, ಬೆಂಜೈಲ್ ಬೆಂಜೋಯೇಟುಗಳ ಬೆರಕೆಯನ್ನು ಒಂದೇ ಬಗೆಯ ಗಾಜಿನ ಪುಡಿಗೆ ಹೊಂದಿಸಿ ಈ ಪ್ರಯೋಗಕ್ಕೆ ಕೈ ಹಾಕಬಹುದು. ಗಾಜು ಕುಟ್ಟುವಾಗ ಮಾತ್ರ ಕಣ್ಣಿಗೆ ಕನ್ನಡಕ, ಮೂಗಿಗೆ ಮುಖಗವಸು ಇರಲಿ.

ಕೊನೆಗೆ ಒಂದು ಮನವಿ. ಭೂವಿಜ್ಞಾನ ವಿಭಾಗಗಳ ಅಧ್ಯಾಪಕರೇ, ಲ್ಯಾಬ್ ಸಹಾಯಕರೇ, ಹರಳು ವ್ಯಾಪಾರಿಗಳೇ, ನಿಮ್ಮ ಕಪಾಟನ್ನು ಒಮ್ಮೆ ತೆರೆದು ನೋಡಿ. ಹೆಸರು ಅಳಿಸಿಹೋದ ಹಳೆಯ ಸೀಸೆಗಳಿದ್ದರೆ ಮೂಸಿ ನೋಡಬೇಡಿ, ಸಿಂಕಿಗೆ ಸುರಿಯಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಅವನ್ನು ಬೇರೆ ಇಟ್ಟು, ಪಟ್ಟಿ ಮಾಡಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಿ. ಹೊಸದಾಗಿ ದ್ರವ ತರಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ. ನನಗೆ ಬೇಕಾದ ಉತ್ತರವನ್ನು ನೀರು ಕೊಡುತ್ತದೆಯೆ? ಇಲ್ಲವಾದರೆ ಎಣ್ಣೆ ಕೊಡುತ್ತದೆಯೆ? ಅದೂ ಇಲ್ಲವಾದರೆ ದ್ರವವಿಲ್ಲದ ಉಪಾಯ ಇದೆಯೆ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ ಮಾತ್ರ ಅಪಾಯದ ಸೀಸೆಯ ಮುಚ್ಚಳ ತೆಗೆಯಿರಿ, ಅದೂ ಒಂದೇ ಹನಿಗಾಗಿ. ನಮ್ಮ ವಿದ್ಯಾರ್ಥಿಗಳಿಗೆ ಕಲ್ಲುಗಳ ಗುಣ ಕಲಿಸುವಾಗ ಈ ಕ್ರಮವನ್ನೂ ಪಾಠದ ಭಾಗವಾಗಿ ಕಲಿಸಿ.